ಐದು ಬಾತ್‌ರೂಮಿನ ಮನೆ

ಆ ಮನೆಗೆ ಜನ ಮೂವರು. ಬಾತ್‌ರೂಮು ಐದು.

ಐದರ ಗೋಡೆಯನ್ನೂ ಉಜ್ಜಿದವನು ಮುರಳಿ. ಬಾತ್‌ರೂಮಿಗೆ ಟೈಲ್ಸ್ ಹಾಕಿಸುವುದು ಈಗ ಗೌರವ ಅಲ್ಲವಂತೆ. ಸಂದು ಕಾಣಬಾರದು, ಒಂದೇ ಬಂಡೆಯನ್ನು ಕೊರೆದು ಮಾಡಿದ ಹಾಗಿರಬೇಕು. ಅದಕ್ಕೆ ಮೈಕ್ರೋಸಿಮೆಂಟ್ ಅಂತ ಒಂದು ಬಂದಿದೆ. ಬಳಿಯಬೇಕು, ಒಣಗಿಸಬೇಕು, ಎಮರಿ ಕಾಗದ ಹಿಡಿದು ಉಜ್ಜಬೇಕು. ಮತ್ತೆ ಬಳಿಯಬೇಕು. ಮತ್ತೆ ಉಜ್ಜಬೇಕು. ಹದಿನೇಳು ದಿನ ಮಂಡಿಯೂರಿ ಉಜ್ಜಿದ. ಕೆಮ್ಮಿದರೆ ಬೂದಿ ಬಣ್ಣದ ಕಫ ಬರುತ್ತಿತ್ತು. ನುಣುಪು ಬಂತೋ ಇಲ್ಲವೋ ಅಂತ ನೋಡುವುದಕ್ಕೆ ಅಂಗೈ ಸಾಲದು. ಈ ಕೆಲಸದವರ ಅಂಗೈ ಸತ್ತುಹೋಗಿರುತ್ತದೆ. ಕೆನ್ನೆ ಒತ್ತಿ ನೋಡಬೇಕು. ಆ ಐದು ಬಾತ್‌ರೂಮಿನ ಒಂದೊಂದು ಗೋಡೆಗೂ ಮುರಳಿಯ ಕೆನ್ನೆ ತಾಗಿತ್ತು.

ಆದರೆ ತನಗೆ ಒಂದಕ್ಕೋ ಎರಡಕ್ಕೋ ಬಂದರೆ ಪಕ್ಕದ ಖಾಲಿ ಸೈಟಿನ ಲಂಟಾನ ಪೊದೆಗೆ ಹೋಗುತ್ತಿದ್ದ. ಎಂಟು ವರ್ಷದಿಂದ ಎಷ್ಟೋ ಮನೆಗೆ ಬಣ್ಣ ಹೊಡೆದಿದ್ದಾನೆ. ಎಲ್ಲ ಕಡೆಯೂ ಹಾಗೇ. ಅದು ತಪ್ಪು ಅಂತ ಅವನಿಗೆ ಅನ್ನಿಸಿಯೂ ಇರಲಿಲ್ಲ. ಅಭ್ಯಾಸ ಅನ್ನುವುದು ಅಷ್ಟು ಹಲ್ಕಾ.

ಮನೆ ಇದ್ದದ್ದು ಶಿವಮೊಗ್ಗದ ಸೋಗಾನೆ ಕಡೆಯ ಹೊಸ ಬಡಾವಣೆಯಲ್ಲಿ. ವಿಮಾನ ಇಳಿಯಲು ಶುರುವಾದ ಮೇಲೆ ಅಲ್ಲಿ ಜೋಳದ ಹೊಲಕ್ಕೆಲ್ಲ ಗೇಟು ಬಂದಿದೆ, ಗೇಟಿಗೆ ಇಂಗ್ಲಿಷ್ ಹೆಸರು ಬಂದಿದೆ. ಯಜಮಾನ ದುಷ್ಯಂತನಿಗೆ ಜಲ್ಲಿ ಕ್ರಷರು, ಎರಡು ಜೆಸಿಬಿ. ಮನೆಯೊಳಗಿನ ಚೆಂದವೆಲ್ಲ ಅವನ ಹೆಂಡತಿ ವಿದ್ಯಾಶ್ರೀಯ ಪಾಲು. ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಎಂ.ಎ. ಮಾಡಿದವಳು. ಅವಳಿಗೆ ಮನೆ ಹಳ್ಳಿಯ ಹಾಗೆ ಕಾಣಬೇಕಿತ್ತು.

ಊಟದ ಮೇಜಿನ ಮೇಲೆ ಎತ್ತಿನ ಗಾಡಿಯ ಚಕ್ರ ನೇತುಹಾಕಿ ಎಂಟು ಬಲ್ಬು ಸಿಕ್ಕಿಸಿದ್ದರು. ಮೆಟ್ಟಿಲ ಗೋಡೆಗೆ ಹದಿನಾರು ಮೊರ. ಬೀಸುವ ಕಲ್ಲಿನ ಮೇಲೆ ಗಾಜು ಇಟ್ಟು ಟೀಪಾಯಿ. ಹರಿದ ಕಂಬಳಿಯ ತುಂಡಿಗೆ ಫ್ರೇಮು. ಒಂದು ಕುಡುಗೋಲು, ಅದರ ಬಾಯಿ ಮೊಂಡು ಮಾಡಿ ಚಿನ್ನದ ಬಣ್ಣ ಬಳಿದು ಟೀವಿಯ ಪಕ್ಕ. ಮುರಳಿಯ ಅಜ್ಜಿ ಕಂಡವರ ರಾಗಿ ಬೀಸಿ ಬೀಸಿ ಎಡಭುಜ ಕಳಚಿಕೊಂಡು ಸತ್ತಿದ್ದಳು. ಅಂಥ ಕಲ್ಲಿನ ಮೇಲೆ ನಾಳೆ ಇವರು ಕಾಫಿ ಇಡುತ್ತಾರೆ. ಅದನ್ನು ನೋಡಿದಾಗೆಲ್ಲ ಅವನಿಗೆ ಗಂಟಲಲ್ಲಿ ಹುಳಿ ಏರುತ್ತಿತ್ತು. ಉಗುಳುವುದಕ್ಕೆ ಜಾಗ ಇರಲಿಲ್ಲ. ಕೆಳಗೆ ಇಟಾಲಿಯನ್ ಮಾರ್ಬಲ್ಲು.

ಡಿಸೈನರ್ ರಶ್ಮಿ ಒಂದು ದಿನ ಫೋನಿನಲ್ಲಿ ಒಂದು ಮಣ್ಣಿನ ಗೋಡೆಯ ಫೋಟೋ ತೋರಿಸಿದಳು.

"ಮುರಳಿ, ಹಾಲಿನ ಈ ಗೋಡೆ ನಿಜವಾದ ಮಣ್ಣಿಂದೇ ಬೇಕಂತೆ ವಿದ್ಯಾಗೆ. ಟೆಕ್ಸ್ಚರ್ ಪೇಂಟ್ ಬೇಡವಂತೆ. ಮಣ್ಣು, ಸಗಣಿ, ಕೈಯಲ್ಲಿ ಸಾರಿಸಿರಬೇಕು. ಈಗ ಅದೇ ಟ್ರೆಂಡು. ಯಾರಾದ್ರೂ ಗೊತ್ತಾ?"

ಮುರಳಿಗೆ ಎಲ್ಲಿಲ್ಲದ ಹೆಮ್ಮೆ ಬಂತು. ಆ ಹೆಮ್ಮೆಯ ಬಾಯಿಗೆ ಆಮೇಲೆ ಎಷ್ಟು ಸಲ ಹೊಡೆದುಕೊಂಡನೋ. "ನಮ್ಮವ್ವನೇ ಅವ್ಳಲ್ಲ ಮೇಡಂ. ಇಡೀ ಕಾಲೋನಿಗೆ ಅವಳಷ್ಟು ನೈಸಾಗಿ ಗೋಡೆ ಸಾರ್ಸೋರು ಇಲ್ಲ," ಅಂದುಬಿಟ್ಟ.

ಅವ್ವ ಅಂದರೆ ಬಂಗಾರಮ್ಮ. ಭದ್ರಾವತಿಯ ಜನ್ನಾಪುರದ ಹಿಂದಿನ ಕಾಲೋನಿ. ಗಂಡ ರಾಮಯ್ಯ ಕಾರ್ಖಾನೆಯ ಗೇಟಿನಲ್ಲಿ ಲಾರಿಗೆ ಲೋಡು ಮಾಡಿ ಬೆನ್ನು ಮುರಿದುಕೊಂಡು ಸತ್ತ ಮೇಲೆ ಇಪ್ಪತ್ತು ವರ್ಷ ಗಾರೆ ಕೆಲಸಕ್ಕೆ ಹೋದವಳು. ಕಬ್ಬಿಣದ ಬಾಂಡ್ಲಿ ಹೊತ್ತು ಹೊತ್ತು ನೆತ್ತಿಯ ನಡುವೆ ಕೂದಲು ಹುಟ್ಟುವುದನ್ನೇ ಬಿಟ್ಟಿದೆ. ಆ ಕೆಲಸ ಅವಳಿಗೆ ಇನ್ನೊಂದನ್ನೂ ಕಲಿಸಿತ್ತು. ಕೆಲಸಕ್ಕೆ ಹೊರಟ ದಿನ ಅವಳು ನೀರು ಕುಡಿಯುತ್ತಿರಲಿಲ್ಲ. ಬೆಳಿಗ್ಗೆ ಅರ್ಧ ಲೋಟ ಟೀ, ಅಷ್ಟೆ. ಉರಿಬಿಸಿಲಿರಲಿ, ನಾಲಿಗೆ ಅಂಗುಳಕ್ಕೆ ಅಂಟಲಿ, ಸಂಜೆ ಮನೆಗೆ ಬಂದೇ ಚೊಂಬು ಎತ್ತುತ್ತಿದ್ದಳು. ಚಿಕ್ಕವನಿದ್ದಾಗ ಮುರಳಿ ಅದನ್ನು ಯಾವುದೋ ಹರಕೆ ಅಂದುಕೊಂಡಿದ್ದ. ಆಮೇಲೆ ಅಂದುಕೊಳ್ಳುವುದನ್ನೂ ಬಿಟ್ಟಿದ್ದ.

ಮಣ್ಣು ಹದ ಮಾಡುವುದೇ ನಾಲ್ಕು ದಿನ ಹಿಡಿಯಿತು. ಆ ಮನೆಯ ಹಿತ್ತಲಲ್ಲೇ ಗುಂಡಿ ತೆಗೆದು ಕೆಮ್ಮಣ್ಣು, ಸಗಣಿ, ಬತ್ತದ ಹೊಟ್ಟು, ಬೆಲ್ಲದ ನೀರು ಹಾಕಿ ಬಂಗಾರಮ್ಮ ಸೀರೆ ಎತ್ತಿ ಕಟ್ಟಿ ತುಳಿದಳು. ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ಮಧ್ಯಾಹ್ನದ ತನಕ ತುಳಿತ. ಹಿಮ್ಮಡಿಯ ಸೀಳಿಗೆ ಮಣ್ಣು ಹೊಕ್ಕು ಕಾಲು ಊದಿಕೊಂಡಿತು. ದಿನಕ್ಕೆ ಒಂದು ಸಲ ಲಂಟಾನ ಪೊದೆಯ ಕಡೆ ಹೋಗಿಬರುತ್ತಿದ್ದಳು. ಐದನೇ ದಿನ ಗೋಡೆಗೆ ಕೈ ಹಾಕಿದಳು. ಮುರಳಿ ಬಾಂಡ್ಲಿ ತುಂಬಿ ಕೊಟ್ಟ. ಹತ್ತಡಿ ಎತ್ತರ, ಹದಿನೆಂಟು ಅಡಿ ಅಗಲ. ಸಂಜೆ ಹೊತ್ತಿಗೆ ಇಡೀ ಗೋಡೆ ಅಡಿಕೆ ಬೇಯಿಸಿದ ತೊಗರಿನ ಕೆಂಪು ಬಣ್ಣಕ್ಕೆ ತಿರುಗಿ ಕನ್ನಡಿಯ ಹಾಗೆ ನಿಂತಿತ್ತು. ಒಂದು ಗೀರಿಲ್ಲ. ಒಂದು ಉಬ್ಬಿಲ್ಲ. ಮುರಳಿ ಮೆಲ್ಲಗೆ ಕೆನ್ನೆ ತಾಗಿಸಿ ನೋಡಿದ. ಹದಿನೇಳು ದಿನ ಎಮರಿ ಕಾಗದ ತಿಕ್ಕಿ ತಾನು ತಂದ ನುಣುಪನ್ನು ಅವ್ವ ಬರೀ ಅಂಗೈಯಲ್ಲಿ ಒಂದೇ ದಿನಕ್ಕೆ ತಂದಿದ್ದಳು.

ರಶ್ಮಿ ಬಂದಳು. ನೋಡಿದಳು. ತಲೆ ಮೇಲೆ ಕೈ ಇಟ್ಟುಕೊಂಡಳು.

"ಅಯ್ಯೋ ಆಂಟಿ! ಏನ್ ಮಾಡ್ಬಿಟ್ರಿ! ಒಂದು ಕೈ ಗುರುತೂ ಇಲ್ವಲ್ಲ!"

"ಗುರುತು ಯಾಕಿರ್ತೈತೆ ತಾಯಿ? ಗುರುತು ಬಿಟ್ರೆ ನಮ್ಮತ್ತೆ ಸೌಟಲ್ಲಿ ಕೈ ಮೇಲೆ ಬಾರ್ಸೋಳು."

"ಅಲ್ಲ ಆಂಟಿ, ಇದು ಪೇಂಟ್ ಹೊಡೆದಂಗೆ ಐತೆ. ನಮಗೆ ಕೈಯಲ್ಲಿ ಮಾಡಿದ್ದು ಅಂತ ಕಾಣ್ಬೇಕು. ಹಿಂಗೆ ಅರ್ಧ ಚಂದ್ರ ಅರ್ಧ ಚಂದ್ರ ಬೆರಳಿನ ಗೆರೆ ಬರ್ಬೇಕು. ಆಮೇಲೆ ಅಲ್ಲಲ್ಲಿ ಸ್ವಲ್ಪ ಬಿರುಕು."

ಬಂಗಾರಮ್ಮ ಮಗನ ಮುಖ ನೋಡಿದಳು. "ಏನ್ಲಾ ಇದು? ಬಿರುಕು ಬೇಕಂತಾ?"

"ಹೂಂ ಅವ್ವ."

"ಬಿರುಕು ನೋಡೋಕೆ ನಮ್ಮನೆಗೆ ಬರೋಕೆ ಹೇಳು. ಒಳಗೆ ಹಾವೇ ಬರಂಗವೆ."

ರಶ್ಮಿ ನಕ್ಕಳು. ಮುರಳಿಯೂ ನಕ್ಕ. ನಗಬಾರದಿತ್ತು.

ಮನೆಯ ಗೋಡೆಯ ಬಿರುಕಿಗೆ ವರ್ಷ ವರ್ಷ ಮಣ್ಣು ಮೆತ್ತಿ ಮೆತ್ತಿ ಆ ಹೆಂಗಸು ಬೆರಳು ಸವೆಸಿದ್ದಳು. ಗುರುತು ಉಳಿಯದ ಹಾಗೆ ಸಾರಿಸುವುದೇ ಅವಳ ಮರ್ಯಾದೆಯಾಗಿತ್ತು. ಈಗ ಕೆಲಸ ಕೆಡಿಸಿಕೊಡು ಅಂತ ಕೇಳುತ್ತಿದ್ದರು. ಬಡವರ ಮನೆ ಹೇಗಿರುತ್ತದೆ ಅಂತ ಇವರೊಂದು ಲೆಕ್ಕ ಹಾಕಿಟ್ಟಿದ್ದಾರೆ. ಆ ಲೆಕ್ಕಕ್ಕಿಂತ ಬಡವರ ಕೈ ಚೆನ್ನಾಗಿದ್ದರೆ ಇವರಿಗೆ ಆಗಿಬರುವುದಿಲ್ಲ.

ಮಾರನೆಯ ದಿನ ಮತ್ತೊಂದು ಕೋಟು. ಬಂಗಾರಮ್ಮ ಮುಖ ಗಂಟು ಹಾಕಿಕೊಂಡೇ ಬೆರಳು ಅಗಲಿಸಿ ಅರ್ಧ ಚಂದ್ರ ಎಳೆಯುತ್ತಾ ಹೋದಳು. ಹತ್ತು ಗಂಟೆಗೆ ವಿದ್ಯಾಶ್ರೀ ಬಂದಳು. ಜೊತೆಗೆ ಅವಳ ಅತ್ತೆ ನಂಜಮ್ಮ. ಫೋನು ನಿಲ್ಲಿಸುವ ಸ್ಟ್ಯಾಂಡು, ಉಂಗುರದಂಥ ಲೈಟು, ಒಂದು ಕವರಿನಲ್ಲಿ ಇಳಕಲ್ ಸೀರೆ.

"ಆಂಟಿ, ಒಂದು ರೀಲ್ ಮಾಡ್ತೀವಿ. ನೀವು ಗೋಡೆ ಸಾರ್ಸೋದು. ಈ ನೈಲಾನ್ ಸೀರೆ ಬೇಡ, ಇದನ್ನ ಉಟ್ಕೊಳ್ಳಿ. ಎಷ್ಟ್ ಚೆನ್ನಾಗಿ ಕಾಣ್ತೀರಾ ಗೊತ್ತಾ!"

"ಎಲ್ಲಿ ಉಟ್ಕೊಳ್ಲಿ ತಾಯಿ?"

ವಿದ್ಯಾಶ್ರೀ ಸುತ್ತ ನೋಡಿದಳು. ನಾಲ್ಕು ಬೆಡ್‌ರೂಮು. ಎಲ್ಲಕ್ಕೂ ಬಾಗಿಲು, ಬಾಗಿಲಿಗೆ ಹಿತ್ತಾಳೆಯ ಹಿಡಿ. "ಕಾರ್ ಶೆಡ್ಡಲ್ಲಿ ಯಾರೂ ಇಲ್ಲ ಆಂಟಿ," ಅಂದಳು.

ಬಂಗಾರಮ್ಮ ಕಾರಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಸೀರೆ ಬದಲಿಸಿದಳು. ಮುರಳಿ ಬೆನ್ನು ತಿರುಗಿಸಿ ಕಾವಲು ನಿಂತ. ಇಪ್ಪತ್ತಾರು ವರ್ಷದ ಮಗ, ಐವತ್ತನಾಲ್ಕು ವರ್ಷದ ತಾಯಿಗೆ.

ರೀಲ್ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಒಂದೂವರೆ ಗಂಟೆ. ಒಮ್ಮೆ ಲೈಟು ಸರಿ ಇಲ್ಲ. ಒಮ್ಮೆ ಆಂಟಿ ಕ್ಯಾಮರಾ ನೋಡಿಬಿಟ್ಟರು. ಒಮ್ಮೆ ನಗಲಿಲ್ಲ. "ಪ್ರೀತಿಯಿಂದ ಸಾರ್ಸಿ ಆಂಟಿ, ನಿಮ್ಮನೆ ಅಂದ್ಕೊಂಡು." ಅದೇ ಮೂರಡಿ ಜಾಗವನ್ನು ಹನ್ನೊಂದು ಸಲ ಸಾರಿಸಿದಳು. ನಡುವೆ ರಶ್ಮಿ ಎದ್ದುಹೋಗಿ ಕೆಳಗಿನ ಬಾತ್‌ರೂಮಿನ ಬಾಗಿಲು ಹಾಕಿಕೊಂಡಳು. ನೀರು ಬಿದ್ದ ಸದ್ದು ಕೇಳಿತು. ಕೈ ಒರೆಸಿಕೊಳ್ಳುತ್ತಾ ಬಂದು ಮತ್ತೆ ಫೋನು ಹಿಡಿದಳು.

ಬಂಗಾರಮ್ಮ ಗೋಡೆ ಬಿಟ್ಟು ಮಗನ ಹತ್ತಿರ ಬಂದಳು. ಮುಖದಲ್ಲಿ ರಕ್ತವಿರಲಿಲ್ಲ.

"ಮಗಾ, ನಂಗಿನ್ನು ಆಗಲ್ಲ. ಒಂದಕ್ಕೆ ಹೋಗ್ಬೇಕು. ನಿನ್ನೆಯಿಂದ ಉರಿ. ರಕ್ತ ಬಂದಂಗೆ ಬರ್ತೈತೆ."

"ಪಕ್ಕದ ಸೈಟಿಗೆ ಹೋಗು ಅವ್ವ."

"ಎಲ್ಲೈತಲಾ ಪೊದೆ? ಬೆಳಿಗ್ಗೆನೇ ಜೆಸಿಬಿ ಬಂದು ಬೋಳಿಸೈತೆ. ಹೋಗಿದ್ದೆ, ಆ ಗೇಟಿನವನು ಸೀಟಿ ಊದ್ದ."

ಮುರಳಿ ಬಡಾವಣೆಯ ಗೇಟಿಗೆ ಓಡಿದ. ಸೆಕ್ಯೂರಿಟಿ ಪುಟ್ಟಯ್ಯ ಕಂಬದ ಮೇಲಿನ ಕ್ಯಾಮರಾ ತೋರಿಸಿದ. "ನಾನೇನ್ ಮಾಡ್ಲಿ ಮಾರಾಯ? ಅಲ್ಲಿ ಕೂತ್ರೆ ಆಫೀಸ್ ಟೀವೀಲಿ ಬರ್ತೈತೆ. ನಾನೇ ಅದಕ್ಕೊಂದು ಬಾಟ್ಲಿ ಇಟ್ಕೊಂಡಿದೀನಿ. ಹೆಂಗಸರಿಗೆ ಏನ್ ಹೇಳ್ಲಿ?"

ಮುರಳಿ ವಾಪಸು ಬಂದು ವಿದ್ಯಾಶ್ರೀಯ ಮುಂದೆ ನಿಂತ. ಅವಳು ಫೋನಿನಲ್ಲಿ ಬಂಗಾರಮ್ಮನ ಕೈಯನ್ನು ದೊಡ್ಡದು ಮಾಡಿ ನೋಡುತ್ತಿದ್ದಳು.

"ಮೇಡಂ, ನಮ್ಮವ್ವ ಒಂದ್ಸಲ ಬಾತ್‌ರೂಮಿಗೆ ಹೋಗ್ಬೇಕು."

"ಓ." ವಿದ್ಯಾಶ್ರೀ ಮೆತ್ತಗೆ ನಕ್ಕಳು. ಅವಳು ಎಂದೂ ಜೋರಾಗಿ ಮಾತಾಡಿದವಳಲ್ಲ. "ಗುರುವಾರ ಗೃಹಪ್ರವೇಶ ಅಲ್ವಾ ಮುರಳಿ. ಪೂಜೆ ಆಗದೆ ಇನ್ನೂ ಯಾವ್ದನ್ನೂ ಯೂಸ್ ಮಾಡಿಲ್ಲ. ಮೇನ್ ರೋಡಲ್ಲಿ ಪೆಟ್ರೋಲ್ ಬಂಕ್ ಇದೆಯಲ್ಲ, ಅಲ್ಲಿ ಚೆನ್ನಾಗಿದೆ."

"ಬಂಕ್ ಎರಡು ಕಿಲೋಮೀಟ್ರು ಮೇಡಂ. ಅವಳ ಕೈಲಿ ನಡೆಯಕ್ಕಾಗಲ್ಲ. ಈಗ ರಶ್ಮಿ ಮೇಡಂ ಹೋಗಿಬಂದ್ರಲ್ಲ."

ವಿದ್ಯಾಶ್ರೀಯ ನಗು ಅಲ್ಲೇ ನಿಂತಿತು. ಮಾತಿಗೆ ನಂಜಮ್ಮ ಬಂದಳು. ಅವಳಿಗೆ ನಾಜೂಕು ಗೊತ್ತಿರಲಿಲ್ಲ.

"ಎಲ್ಲಿಯೋರಪ್ಪ ನೀವು?"

"ಭದ್ರಾವತಿ. ಜನ್ನಾಪುರದ ಹತ್ರ."

"ಜನ್ನಾಪುರದಲ್ಲಿ ಎಲ್ಲಿ?"

"ಕಾಲೋನಿ."

ಅಷ್ಟು ಸಾಕಿತ್ತು. ನಂಜಮ್ಮ ಸೆರಗು ಎಳೆದು ಹೊದ್ದುಕೊಂಡಳು. "ಹಂಗಾದ್ರೆ ಬೇಡಪ್ಪ. ತಪ್ಪು ತಿಳೀಬೇಡ. ಪೂಜೆ ಆಗೋ ಮನೆ."

"ನಾಲ್ಕು ದಿನ ನಮ್ಮವ್ವ ತುಳಿದ ಮಣ್ಣೇ ಅಮ್ಮಾರೆ ಗೋಡೆ ಮೇಲಿರೋದು. ನಿಮ್ಮ ಹಾಲ್ ತುಂಬ ಅವಳ ಕೈಯೇ ಇದೆ."

"ಗೋಡೆ ಬೇರೆ, ಕಕ್ಕಸು ಬೇರೆ ಮಾರಾಯ. ಗೋಡೆ ಒಣಗುತ್ತೆ."

ಮುರಳಿ ಬಾಯಿಗೆ ಬಂದ ಮಾತನ್ನು ನುಂಗಿಕೊಂಡ. ರಶ್ಮಿ ಅವನ ಕಡೆಗೇ ನೋಡುತ್ತಿದ್ದಳು. ಅವಳ ಕೈಯಲ್ಲಿ ಇನ್ನೂ ಮೂರು ಮನೆಗಳಿದ್ದವು. ಮೂರರ ಕೆಲಸವೂ ಅವನಿಗೇ ಅಂತ ಮಾತಾಗಿತ್ತು. ಆ ಮೂರು ಮನೆ ಅವನ ನಾಲಿಗೆಯ ಮೇಲೆ ಕೂತಿತ್ತು.

"ಬಿಡು ಮಗಾ," ಬಂಗಾರಮ್ಮ ಬಾಗಿಲಿನಿಂದ ಅಂದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಬಂಕಿಗೇ ಹೋಗ್ತೀನಿ. ನಡಿ."

ಗೋಡೆ ಹಿಡಿದುಕೊಂಡು ಹೊರಗೆ ನಡೆದಳು. ಪೋರ್ಟಿಕೋದ ಮೂರು ಮೆಟ್ಟಿಲು. ಮೊದಲನೆಯದು ಇಳಿದಳು. ಎರಡನೆಯದು ಇಳಿದಳು. ಮೂರನೆಯದಕ್ಕೆ ನಿಂತುಬಿಟ್ಟಳು. ಎರಡೂ ಕೈಯಲ್ಲಿ ಕಂಬ ತಬ್ಬಿಕೊಂಡಳು. ಇಳಕಲ್ ಸೀರೆಯ ನೆರಿಗೆ ಕಪ್ಪಾಗುತ್ತಾ ಕೆಳಗಿಳಿಯಿತು. ಹೊಳೆಯುವ ಗ್ರಾನೈಟಿನ ಮೇಲೆ ಗೆರೆಯಾಗಿ ಹರಿಯಿತು. ಅದರಲ್ಲಿ ಕೆಂಪು ಇತ್ತು. ಮುರಳಿಯ ಕಣ್ಣಿಗೆ ಕೆಂಪು ಚೆನ್ನಾಗಿ ಕಂಡಿತು.

"ಅಯ್ಯೋ, ಸೀರೆ!"

ವಿದ್ಯಾಶ್ರೀ ಕೂಗಿದ್ದು ಅದು. ಮೊದಲ ಸಲ ಅವಳ ದನಿ ಜೋರಾಗಿತ್ತು.

"ಕಲ್ಲಿಗೆ ಕಲೆ ಹಿಡಿಯುತ್ತೆ. ಫಿನೈಲ್ ಎಲ್ಲಿ? ಏ ಮುರಳಿ, ಫಿನೈಲ್ ತಗೊಂಡ್ ಬಾ!" ಇದು ನಂಜಮ್ಮ.

ಬಂಗಾರಮ್ಮ ಕಂಬಕ್ಕೆ ಹಣೆ ಒತ್ತಿಕೊಂಡು ನಿಂತಿದ್ದಳು. ಗಂಡ ಸತ್ತ ವಾರಕ್ಕೇ ಕೂಲಿಗೆ ಹೋದವಳು. ಮೇಸ್ತ್ರಿ ಸೆರಗು ಎಳೆದಾಗ ಕರಣೆ ತಿರುಗಿಸಿ ಹೊಡೆದವಳು. ಈಗ ಮಗನಿಗೆ ಮುಖ ತೋರಿಸಲಾರದೆ ನಿಂತಿದ್ದಳು. ತಾನು ಚಿಕ್ಕವನಿದ್ದಾಗಿನಿಂದ ಆ ಹೆಂಗಸು ಯಾಕೆ ನೀರು ಕುಡಿಯುತ್ತಿರಲಿಲ್ಲ ಅಂತ ಮುರಳಿಗೆ ಆಗ ತಿಳಿಯಿತು. ಒಂದು ದಿನ ಹೀಗಾಗಬಾರದು ಅಂತ. ಇಪ್ಪತ್ತು ವರ್ಷ ನಾಲಿಗೆ ಒಣಗಿಸಿಕೊಂಡಿದ್ದು ಇದೊಂದು ಆಗಬಾರದು ಅಂತ.

ನಾಲಿಗೆಯ ಮೇಲೆ ಕೂತಿದ್ದ ಮೂರು ಮನೆಯನ್ನು ಅವನು ಉಗುಳಿದ. ಗ್ರಾನೈಟಿನ ಮೇಲೆಯೇ.

"ಫಿನೈಲಾ? ನೀವೇ ಹಾಕ್ಕೊಳ್ಳಿ."

ಅವ್ವನ ರಟ್ಟೆ ಹಿಡಿದ. "ಬಾ ಅವ್ವ."

"ಎಲ್ಲಿಗ್ಲಾ?"

"ಒಳಗೆ."

"ಬ್ಯಾಡ ಕಣೋ..."

"ಬಾ ಅಂದ್ನಲ್ಲ."

ಒದ್ದೆ ಕಾಲಲ್ಲೇ ಅವಳನ್ನು ಮೆಟ್ಟಿಲು ಹತ್ತಿಸಿದ. ಹಾಲ್ ದಾಟಿಸಿದ. ಇಟಾಲಿಯನ್ ಮಾರ್ಬಲ್ಲಿನ ಮೇಲೆ ಕೆಮ್ಮಣ್ಣಿನ ಹೆಜ್ಜೆ ಬಿತ್ತು, ಎಡ, ಬಲ, ಎಡ, ಬಲ. ನಂಜಮ್ಮ ದೇವರ ಹೆಸರೆಲ್ಲ ಕೂಗಿದಳು. ರಶ್ಮಿ "ಮುರಳಿ, ಮುರಳಿ, ಕೇಳು" ಅಂತ ಅಡ್ಡ ಬಂದಳು. ಅವನ ಮುಖ ನೋಡಿ ಪಕ್ಕಕ್ಕೆ ಸರಿದಳು. ಕೆಳಗಿನ ದೊಡ್ಡ ಬಾತ್‌ರೂಮಿನ ಬಾಗಿಲು ತೆಗೆದು ಅವ್ವನನ್ನು ಒಳಗೆ ಬಿಟ್ಟು, ಅವಳ ನೈಲಾನ್ ಸೀರೆ ಇದ್ದ ಕೈಚೀಲವನ್ನೂ ಕೊಟ್ಟ.

"ಬಲಗಡೆ ತಿರುಗಿಸಿದ್ರೆ ಬಿಸಿನೀರು. ನಿಧಾನಕ್ಕೆ ತೊಳ್ಕೊ. ಚಿಲಕ ಹಾಕ್ಕೊ."

ಒಳಗಿನಿಂದ ಚಿಲಕ ಬಿತ್ತು. ಮುರಳಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

"ಪೊಲೀಸ್‌ಗೆ ಫೋನ್ ಮಾಡ್ತೀನಿ," ಅಂದಳು ವಿದ್ಯಾಶ್ರೀ.

"ಮಾಡಿ. ಏನಂತ ಹೇಳ್ತೀರಾ? ಗೋಡೆ ಸಾರ್ಸೋಕೆ ಬಂದ ಹೆಂಗಸು ಉಚ್ಚೆ ಹೊಯ್ದಳು ಅಂತ ತಾನೇ? ಹೇಳಿ. ನನ್ನ ಹತ್ರಾನೂ ಹೇಳೋಕಿದೆ. ಕಾಲೋನಿ ಅಂದ್ಮೇಲೆ ಏನಂದ್ರಿ ಅಂತ ಒಂದೊಂದು ಅಕ್ಷರಾನೂ ಹೇಳ್ತೀನಿ."

ಫೋನು ಕೆಳಗಿಳಿಯಿತು.

"ಇನ್ಮೇಲೆ ಶಿವಮೊಗ್ಗದಲ್ಲಿ ನಿಂಗೆ ಒಂದು ಮನೆ ಕೆಲಸ ಸಿಗಲ್ಲ ನೋಡು," ಅಂದಳು ರಶ್ಮಿ. ಅವಳ ಕಣ್ಣಲ್ಲಿ ನೀರಿತ್ತು. ಅದು ಯಾರಿಗಾಗಿ ಬಂದ ನೀರು ಅಂತ ಮುರಳಿ ಕೇಳಲಿಲ್ಲ.

"ಈ ಬಾತ್‌ರೂಮಿನ ಗೋಡೆ ಉಜ್ಜಿದ್ದು ನಾನು ಮೇಡಂ. ಈ ಬಾಗಿಲು ಯಾವಾಗ ತೆಗೀಬೇಕು ಅನ್ನೋದು ಇವತ್ತು ನಮ್ಮವ್ವ ಹೇಳ್ತಾಳೆ."

ನೀರು ಬೀಳುತ್ತಲೇ ಇತ್ತು. ಹತ್ತು ನಿಮಿಷ ಬಿತ್ತು. ಎಲ್ಲರೂ ನಿಂತು ಒಬ್ಬ ಕೂಲಿ ಹೆಂಗಸು ಮೈ ತೊಳೆದುಕೊಳ್ಳುವ ಸದ್ದು ಕೇಳಿದರು.

ಚಿಲಕ ತೆಗೆದ ಸದ್ದಾಯಿತು. ಬಂಗಾರಮ್ಮ ತನ್ನ ನೈಲಾನ್ ಸೀರೆ ಉಟ್ಟಿದ್ದಳು. ಇಳಕಲ್ ಸೀರೆಯನ್ನು ಹಿಂಡಿ, ಮಡಚಿ, ಬೀಸುವ ಕಲ್ಲಿನ ಗಾಜಿನ ಮೇಲೆ ಇಟ್ಟಳು. ಬಾಗಿಲ ಕಡೆ ಹೋಗಲಿಲ್ಲ. ನೆಟ್ಟಗೆ ಗೋಡೆಯ ಹತ್ತಿರ ಹೋದಳು. ಬೆಳಗಿನ ಮಣ್ಣು ಇನ್ನೂ ಹಸಿಯಾಗಿತ್ತು. ಸಾಲು ಸಾಲು ಅರ್ಧ ಚಂದ್ರ. ಅವಳ ಹೆಬ್ಬೆರಳು, ಅವಳ ಸವೆದ ಕಿರುಬೆರಳು, ಎಲ್ಲ ಇದ್ದವು. ಸ್ವಲ್ಪ ಹೊತ್ತು ನೋಡಿದಳು.

ಆಮೇಲೆ ಎರಡೂ ಕೈ ಎತ್ತಿ, ಉಗುರು ಊರಿ, ಮೇಲಿನಿಂದ ಕೆಳಕ್ಕೆ ಕೆರೆದಳು. ಮಣ್ಣು ಮುದ್ದೆಮುದ್ದೆಯಾಗಿ ಕಳಚಿ ಮಾರ್ಬಲ್ಲಿನ ಮೇಲೆ ಬಿತ್ತು.

"ಆಂಟಿ! ಬೇಡ ಆಂಟಿ, ಪ್ಲೀಸ್! ಗುರುವಾರ ಜನ ಬರ್ತಾರೆ!"

"ಅದಕ್ಕೇ ಕಣಮ್ಮ," ಬಂಗಾರಮ್ಮ ತಿರುಗಿ ನೋಡಲಿಲ್ಲ. "ಪೂಜೆ ಆಗೋ ಮನೆ. ನನ್ನ ಕೈ ಗುರುತು ಯಾಕೆ?"

ಮುರಳಿ ಏಣಿ ತಂದ. ಮೇಲಿನ ಅರ್ಧ ಅವನದು, ಕೆಳಗಿನ ಅರ್ಧ ಅವಳದು. ಕರಣೆ ಮುಟ್ಟಲಿಲ್ಲ. ಬರೀ ಕೈ. ಸಗಣಿ ಬೆಲ್ಲ ಕೊಳೆತ ವಾಸನೆ ಇಡೀ ಮನೆಗೆ ಏರಿತು. ಗಾಡಿಯ ಚಕ್ರ, ಹದಿನಾರು ಮೊರ, ಚಿನ್ನದ ಕುಡುಗೋಲು ಎಲ್ಲ ಸುಮ್ಮನೆ ನೋಡುತ್ತಿದ್ದವು. ನಂಜಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಬೂದು ಸಿಮೆಂಟು ಕಾಣುವ ತನಕ ಕೆರೆದರು. ಒಂದು ಮೂಲೆಯಲ್ಲಿ ಉಳಿದಿದ್ದ ಒಂದೇ ಒಂದು ಅರ್ಧ ಚಂದ್ರವನ್ನು ಬಂಗಾರಮ್ಮ ಅಂಗೈಯಲ್ಲಿ ಒರೆಸಿದಳು. ಆರು ದಿನದ ಕೆಲಸ. ಅರ್ಧ ಗಂಟೆ ಸಾಕಾಯಿತು.

ಕೂಲಿ ಕೇಳಲಿಲ್ಲ. ಯಾರೂ ಕೊಡಲೂ ಇಲ್ಲ. ಬಾಂಡ್ಲಿ ತಮ್ಮದು, ಎತ್ತಿಕೊಂಡು ಹೊರಟರು. ಹಿಂದಿನಿಂದ ನಂಜಮ್ಮ "ಬಾತ್‌ರೂಮಿಗೆ ಗೋಮೂತ್ರ ಹಾಕ್ಬೇಕು ವಿದ್ಯಾ" ಅನ್ನುವುದು ಕೇಳಿಸಿತು. ಬಂಗಾರಮ್ಮನ ಬೆನ್ನು ಒಂದು ಸಲ ಅಲುಗಿತು. ಅಳುತ್ತಿದ್ದಾಳೆ ಅಂದುಕೊಂಡು ಮುರಳಿ ಮುಖ ನೋಡಿದ. ನಗುತ್ತಿದ್ದಳು.

"ಹಸೂದಾದ್ರೆ ಆಯ್ತದಂತೆ ಕಣ್ಲಾ!"

ಗೇಟಿನಲ್ಲಿ ಪುಟ್ಟಯ್ಯ ಎದ್ದು ನಿಂತ. ಇಬ್ಬರ ಮೊಣಕೈ ತನಕ ಮಣ್ಣು. ಸೀಟಿಯನ್ನು ಜೇಬಿಗೆ ಹಾಕಿಕೊಂಡ.

"ಅಣ್ಣ, ಕುಡಿಯೋಕೆ ನೀರೈತಾ?" ಬಂಗಾರಮ್ಮ ಕೇಳಿದಳು.

ಅವನು ತನ್ನ ಊಟದ ಚೀಲದಿಂದ ಕುಡಿಯುವ ನೀರಿನ ಎರಡು ಲೀಟರಿನ ಬಾಟಲಿ ತೆಗೆದುಕೊಟ್ಟ. ಅವಳು ಬಾಂಡ್ಲಿ ಕೆಳಗಿಟ್ಟು, ಬಿಸಿಲಲ್ಲೇ ನಿಂತು, ಕತ್ತು ಎತ್ತಿ ಗಟಗಟ ಕುಡಿದಳು. ಗದ್ದದಿಂದ ನೀರು ಇಳಿದು ರವಿಕೆ ನೆನೆಯಿತು. ಉಸಿರು ತೆಗೆದುಕೊಂಡಳು. ಮತ್ತೆ ಎತ್ತಿದಳು.

"ಅವ್ವ, ಸಾಕು," ಮುರಳಿ ಮೆಲ್ಲಗೆ ಅಂದ. ಅವನಿಗೇ ಭಯ. "ಭದ್ರಾವತಿ ಮುಟ್ಟೋಕೆ ಇನ್ನೂ ಹೊತ್ತೈತೆ. ದಾರೀಲಿ ಮತ್ತೆ ಬಂದ್ರೆ?"

ಅವಳು ಬಾಟಲಿ ಇಳಿಸಲಿಲ್ಲ. ತಳ ಕಾಣುವ ತನಕ ಕುಡಿದಳು. ಮಣ್ಣಿನ ಕೈಯಲ್ಲೇ ಬಾಯಿ ಒರೆಸಿಕೊಂಡಳು.

"ಬರ್ಲಿ," ಅಂದಳು. "ಯಾವ್ದಾದ್ರೂ ಮನೆ ಬಾಗ್ಲು ಬಡಿಯಾನ."